ಪಿಕಪ್‌ಗೆ ಡ್ಯುಯಲ್ ಎಕ್ಸಾಸ್ಟ್ ಆರಿಸಿ ಕೂರಿಸಿದ ಬಗೆ

ಡ್ಯುಯಲ್ ಎಕ್ಸಾಸ್ಟ್, ಅಂದರೆ ಎಂಜಿನ್ನಿನ ಹೊಗೆಯನ್ನು ಎರಡು ಪೈಪಿನಿಂದ ಹೊರಬಿಡುವ ವ್ಯವಸ್ಥೆ, ಬೇಕು ಅನ್ನಿಸಿದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಸದ್ದಿನ ವಿಡಿಯೊ ಹುಡುಕುವುದು. ಎಂಜಿನ್ ರೇಸ್ ಮಾಡಿದಾಗ ಹೇಗೆ ಗುಡುಗುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಕೂತಾಗ ಕ್ಯಾಬಿನ್ ಒಳಗೆ ಕಿವಿ ಒತ್ತುವ ಮೊರೆತ ಮಾತ್ರ ಗೊತ್ತಾಗುವುದಿಲ್ಲ, ಏಕೆಂದರೆ 50ರಿಂದ 100 ಹರ್ಟ್ಸ್ ನಡುವಿನ ಆ ಸದ್ದನ್ನು ಫೋನಿನ ಪುಟ್ಟ ಸ್ಪೀಕರ್ ಸರಿಯಾಗಿ ಹೊರಡಿಸಲಾರದು. ಹಾಗಾಗಿ ವಿಡಿಯೊ ಬದಿಗಿಟ್ಟು ಟೇಪು, ಕ್ಯಾಲಿಪರ್, ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೋದೆವು. ಯಾವ ಸೆಟ್ ಕೂರುತ್ತದೆ ಎಂಬುದನ್ನು ತೀರ್ಮಾನಿಸುವುದು ಅಡಿಯಲ್ಲಿರುವ ಜಾಗ. ಯಾವುದನ್ನು ಸಹಿಸಿಕೊಂಡು ಓಡಿಸಬಹುದು ಎಂಬುದನ್ನು ತೀರ್ಮಾನಿಸುವುದು ಹೆದ್ದಾರಿಯಲ್ಲಿ ಎಂಜಿನ್ ತಿರುಗುವ ವೇಗ. ಹಾರ್ಸ್‌ಪವರ್ ಲೆಕ್ಕ ಇವೆರಡರ ನಂತರದ್ದು.

ಗಾಡಿ ಶೆವರ್ಲೆ ಸಿಲ್ವೆರಾಡೊ 1500, 5.3 ಲೀಟರ್ ವಿ-8, 2014ರ ಮಾಡೆಲ್‌ನಿಂದ ಶುರುವಾದ ತಲೆಮಾರಿನದು. ಕಂಪನಿ ಹೇಳುವ ಶಕ್ತಿ 355 ಹಾರ್ಸ್‌ಪವರ್. ನಾಲ್ಕು ಬಾಗಿಲಿನ ಕ್ಯಾಬಿನ್, ಹಿಂದೆ ಟ್ರೇಲರ್ ಎಳೆಯುವ ಹಿಚ್, ಲೋಡ್ ಬಾಡಿಯ ಕೆಳಗೆ ಪೂರ್ಣ ಗಾತ್ರದ ಸ್ಟೆಪ್ನಿ. ಎರಡೂ ಬ್ಯಾಂಕಿನ, ಅಂದರೆ ನಾಲ್ಕು ನಾಲ್ಕು ಸಿಲಿಂಡರ್‌ಗಳ ಎರಡು ಸಾಲಿನ, ಹೊಗೆ ತಂತಮ್ಮ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಇಳಿಸುವ ಡಬ್ಬಿ, ಚಿಕ್ಕದಾಗಿ ಕ್ಯಾಟ್) ದಾಟಿ, ವೈ ಆಕಾರದ ಪೈಪಿನಲ್ಲಿ ಕೂಡಿಕೊಂಡು, ಬಲಬದಿಯ ಒಂದೇ ಸೈಲೆನ್ಸರ್‌ಗೆ ಹೋಗುತ್ತದೆ. ಅಲ್ಲಿಂದ ಆಕ್ಸಲ್ ಮೇಲೆ ಹಾದು ಬಲ ಹಿಂಚಕ್ರದ ಹಿಂದೆ ಹೊರಬೀಳುತ್ತದೆ. ಎಡಬದಿಯಲ್ಲಿ ಚಾಸಿಗೆ ಒತ್ತಿಕೊಂಡು ಪೆಟ್ರೋಲ್ ಟ್ಯಾಂಕ್ ಕೂತಿದೆ. ಅರ್ಧ ನಿರ್ಧಾರವನ್ನು ಈ ಟ್ಯಾಂಕೇ ಮಾಡಿಬಿಟ್ಟಿತು.

ಡ್ಯುಯಲ್ ಎನ್ನುವ ಹೆಸರಿನಲ್ಲಿ ಎರಡು ಬೇರೆಬೇರೆ ವ್ಯವಸ್ಥೆಗಳು ಸಿಗುತ್ತವೆ. ಒಂದು, ಎಂಜಿನ್ನಿನ ಎರಡು ಬ್ಯಾಂಕಿನಿಂದ ಎರಡು ಪೈಪು ಹೊರಟು, ಕೊನೆಯವರೆಗೂ ಎರಡಾಗಿಯೇ ಹೋಗುವ ಟ್ರೂ ಡ್ಯುಯಲ್. ಇನ್ನೊಂದು, ವೈ ಪೈಪು ಹಾಗೇ ಉಳಿದು, ಸೈಲೆನ್ಸರ್‌ಗೆ ಒಂದು ಪೈಪು ಒಳಹೋಗಿ ಎರಡು ಹೊರಬರುವ ವ್ಯವಸ್ಥೆ. ಟ್ರೂ ಡ್ಯುಯಲ್‌ನ ಆಕರ್ಷಣೆ ದೊಡ್ಡದು, ಆದರೆ ಈ ಗಾಡಿಯಲ್ಲಿ ಎಡ ಪೈಪಿಗೆ ದಾರಿಯೇ ಇಲ್ಲ. ಟ್ಯಾಂಕಿಗೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವಿನ ಸಂದಿಯಲ್ಲಿ ಪೈಪು ತೂರಿಸಿದರೆ ಒಂದು ಕಡೆ ತಿರುಗುವ ಶಾಫ್ಟ್, ಇನ್ನೊಂದು ಕಡೆ ಪ್ಲಾಸ್ಟಿಕ್ಕಿನ ಟ್ಯಾಂಕ್. ಹೀಟ್ ಶೀಲ್ಡ್ ಹಾಕಿಯೂ ಅದನ್ನು ಒಪ್ಪಲು ಮನಸ್ಸಿರಲಿಲ್ಲ. ಎರಡೂ ಪೈಪನ್ನು ಬಲಬದಿಯಲ್ಲೇ ಒಯ್ಯಬಹುದು, ಆದರೆ ಆಗ ಸೈಲೆನ್ಸರ್‌ಗೆ ಉಳಿಯುವ ಜಾಗ ತೀರಾ ಕಡಿಮೆ.

ಟ್ರೂ ಡ್ಯುಯಲ್ ಕೈಬಿಡಲು ಇನ್ನೊಂದು ಕಾರಣವೂ ಇತ್ತು, ಅದು ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಒಂದಾದ ಮೇಲೊಂದು ಉರಿಯುವ ಸರದಿ. ಈ ಎಂಜಿನ್ನಿನಲ್ಲಿ ಅದು 1-8-7-2-6-5-4-3. ಬೆಸ ಸಂಖ್ಯೆಯ ಸಿಲಿಂಡರ್‌ಗಳು ಎಡ ಬ್ಯಾಂಕು, ಸಮ ಸಂಖ್ಯೆಯವು ಬಲ ಬ್ಯಾಂಕು. ಸಾಲನ್ನು ಬಿಡಿಸಿ ನೋಡಿದರೆ ಎಡ, ಬಲ, ಎಡ, ಬಲ, ಬಲ, ಎಡ, ಬಲ, ಎಡ. ಒಟ್ಟು ಎಂಜಿನ್ ತನ್ನ ತಿರುಗಾಟದ 90 ಡಿಗ್ರಿಗೊಮ್ಮೆ ಸಮನಾಗಿ ಹೊಡೆದರೂ, ಒಂದೊಂದು ಬ್ಯಾಂಕಿನ ಪೈಪಿನೊಳಗೆ ಹೊಡೆತಗಳ ಅಂತರ ಒಮ್ಮೆ 90, ಒಮ್ಮೆ 180, ಒಮ್ಮೆ 270 ಡಿಗ್ರಿ. ಅಮೆರಿಕನ್ ವಿ-8ರ ಆ ಗುಡುಗುಡು ಲಯ ಹುಟ್ಟುವುದೇ ಇಲ್ಲಿ. ಎರಡು ಪೈಪು ಎಲ್ಲೂ ಸೇರದೆ ಹೋದರೆ ಈ ಏರುಪೇರು ಒರಟಾಗಿ ಕೇಳಿಸುತ್ತದೆ. ಅದಕ್ಕೇ ಟ್ರೂ ಡ್ಯುಯಲ್‌ನಲ್ಲಿ ಎಚ್ ಅಥವಾ ಎಕ್ಸ್ ಅಕ್ಷರದ ಆಕಾರದ ಅಡ್ಡ ಪೈಪು (ಎಚ್ ಪೈಪು, ಎಕ್ಸ್ ಪೈಪು) ಹಾಕಿ ಎರಡನ್ನೂ ಕೂಡಿಸುವುದು. ಎಚ್ ಪೈಪಿನಲ್ಲಿ ಆ ಗುಡುಗು ಬಹುಪಾಲು ಉಳಿಯುತ್ತದೆ. ಎಕ್ಸ್ ಪೈಪಿನಲ್ಲಿ ಹೊಡೆತಗಳು ಹೆಚ್ಚು ಬೆರೆತು, ಮೇಲಿನ ಆರ್‌ಪಿಎಂನಲ್ಲಿ ಸದ್ದು ಚೂಪಾಗುತ್ತದೆ. ವೈ ಪೈಪು ಇದ್ದಲ್ಲಿ ಎರಡೂ ಬ್ಯಾಂಕು ಸೈಲೆನ್ಸರ್‌ಗೆ ಮೊದಲೇ ಒಂದಾಗಿರುವುದರಿಂದ ಅಂಥ ಪ್ರತ್ಯೇಕ ಅಡ್ಡ ಪೈಪು ಬೇಡ.

ಹೀಗೆ ಒಂದು ಒಳಗೆ, ಎರಡು ಹೊರಗೆ ಎಂಬ ತೀರ್ಮಾನಕ್ಕೆ ಬಂದ ಮೇಲೆ ಪೈಪಿನ ಗಾತ್ರ. ಇಲ್ಲಿ ಹಳೆಯ ಕೈಲೆಕ್ಕವೊಂದು ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರತಿ ಹಾರ್ಸ್‌ಪವರ್‌ಗೆ ನಿಮಿಷಕ್ಕೆ 2.2 ಘನ ಅಡಿ ಹೊಗೆ, ಪೈಪಿನ ಪ್ರತಿ ಚದರ ಇಂಚು ಬಾಯಿಗೆ ನಿಮಿಷಕ್ಕೆ 115 ಘನ ಅಡಿ ಹಾದುಹೋಗುತ್ತದೆ ಎಂದಿಟ್ಟುಕೊಳ್ಳಿ. 355 ಹಾರ್ಸ್‌ಪವರ್‌ಗೆ 781 ಘನ ಅಡಿ, ಅಂದರೆ ಸುಮಾರು 6.8 ಚದರ ಇಂಚು ಬೇಕು. ಪೈಪನ್ನು ಮಾರುವುದು ಹೊರ ವ್ಯಾಸದ ಲೆಕ್ಕದಲ್ಲಿ. 16 ಗೇಜ್ ಪೈಪಿನ ಗೋಡೆ 0.065 ಇಂಚು, ಸುಮಾರು 1.65 ಮಿಲಿಮೀಟರ್ ದಪ್ಪ. ಅದನ್ನು ಎರಡು ಕಡೆಯಿಂದಲೂ ಕಳೆಯಬೇಕು. 3 ಇಂಚಿನ ಒಂದೇ ಪೈಪಿನ ಒಳ ವಿಸ್ತೀರ್ಣ 6.47 ಚದರ ಇಂಚು, ಅಂದರೆ ಸುಮಾರು 338 ಹಾರ್ಸ್‌ಪವರ್‌ಗೆ ಸಾಕು, ಈ ಎಂಜಿನ್‌ಗೆ ಕೂದಲೆಳೆಯಷ್ಟು ಕಡಿಮೆ. 2.25 ಇಂಚಿನ ಎರಡು ಪೈಪು ಸೇರಿದರೆ 7.06, ಸರಿಯಾಗಿ ಸಾಕು. 2.5 ಇಂಚಿನ ಎರಡು 8.82, ಅಂದರೆ 460 ಹಾರ್ಸ್‌ಪವರ್‌ವರೆಗೆ ನಿರಾಳ. 3 ಇಂಚಿನ ಎರಡು ಪೈಪು 670ಕ್ಕೂ ಮೇಲೆ ಹೋಗುತ್ತವೆ. ಈ ಗಾಡಿಗೆ ಅದು ಬರೀ ತೂಕ, ಬರೀ ಸದ್ದು, ಜೊತೆಗೆ ಆಕ್ಸಲ್ ಮೇಲೆ ಇರುವ ಜಾಗವೂ ಹೋಗುತ್ತದೆ.

ಎಂಜಿನ್‌ಗೆ ಬ್ಯಾಕ್ ಪ್ರೆಶರ್ (ಹೊಗೆಯನ್ನು ತಡೆದು ಹಿಂದಕ್ಕೆ ಒತ್ತುವ ಒತ್ತಡ) ಬೇಕೇಬೇಕು, ಪೈಪು ದೊಡ್ಡದಾದರೆ ಕೆಳಗಿನ ಎಳೆತ ಹೋಗುತ್ತದೆ ಎಂಬ ಮಾತು ಬಹಳ ಓಡಾಡುತ್ತದೆ. ಎಂಜಿನ್‌ಗೆ ಒತ್ತಡ ಬೇಡ, ಬೇಕಿರುವುದು ಹೊಗೆಯ ವೇಗ. ವೇಗವಾಗಿ ಹೋಗುವ ಒಂದು ಹೊಡೆತದ ಹಿಂದೆ ಒತ್ತಡ ಇಳಿದು, ಮುಂದಿನ ಸಿಲಿಂಡರಿನ ಹೊಗೆಯನ್ನು ಅದು ಸೆಳೆದುಕೊಳ್ಳುತ್ತದೆ. ಪೈಪು ಅತಿ ಅಗಲವಾದರೆ ಆ ವೇಗ ಬೀಳುತ್ತದೆ. ಹಾಗಿದ್ದರೂ ಈ ಸೆಳೆತದ ಬಹುಪಾಲು ನಡೆಯುವುದು ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿನಲ್ಲಿ, ಕ್ಯಾಟ್‌ಗೂ ಮುಂಚೆ. ಕ್ಯಾಟ್ ನಂತರದ ಭಾಗ ಬದಲಿಸಿದರೆ ಸಿಗುವ ಶಕ್ತಿ ಅಲ್ಪ, ಕೂತು ಓಡಿಸುವವರಿಗೆ ಅದು ತಿಳಿಯುವುದೂ ಕಷ್ಟ. ಈ ಖರ್ಚು ಸದ್ದಿಗಾಗಿ, ನೋಟಕ್ಕಾಗಿ ಎಂದು ಮೊದಲೇ ಒಪ್ಪಿಕೊಂಡರೆ ಆಯ್ಕೆ ಹಗುರಾಗುತ್ತದೆ. ಕ್ಯಾಟ್ ತೆಗೆದುಹಾಕಿ ಶಕ್ತಿ ಹುಡುಕುವ ಯೋಚನೆ ಬೇಡವೇ ಬೇಡ. ಅದು ಕಾನೂನಿಗೆ ವಿರುದ್ಧ, ಉಸಿರಾಡುವ ಗಾಳಿಗೂ ಕೇಡು, ಕ್ಯಾಟ್‌ನ ಹಿಂದೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ.

ಸೈಲೆನ್ಸರ್‌ನಿಂದ ಹಿಂದಕ್ಕೆ ಹೋಗುವ ಟೇಲ್‌ಪೈಪುಗಳಿಗೆ 2.5 ಇಂಚು, ಸೈಲೆನ್ಸರ್‌ಗೆ ಒಳಹೋಗುವ ಪೈಪಿಗೆ 3 ಇಂಚು ಆರಿಸಿದೆವು. ಒಳಗೆ ಹೋಗುವ ಬಾಯಿಯೇ ಇಡೀ ಸಾಲಿನ ಗಂಟಲು. ಅದು 3 ಇಂಚು ಇರುವಾಗ ಹಿಂದೆ ಎಷ್ಟೇ ಅಗಲ ಮಾಡಿದರೂ ಉಪಯೋಗವಿಲ್ಲ. ಹಿಂದಕ್ಕೆ ಹೋದಂತೆ ಹೊಗೆ ತಣಿದು ಕುಗ್ಗುವುದರಿಂದ 2.25 ಇಂಚಿನ ಟೇಲ್‌ಪೈಪು ಹಾಕಿದ್ದರೂ ನಡೆಯುತ್ತಿತ್ತು. ಹೇಳಿ ಮಾಡಿಸುವವರು ಅದನ್ನೇ ಕೇಳಿ ಹಾಕಿಸಿಕೊಳ್ಳಬಹುದು, ಆಕ್ಸಲ್ ಮೇಲೆ ಒಂದಿಷ್ಟು ಜಾಗ ಉಳಿಯುತ್ತದೆ.

ಇನ್ನು ಸೈಲೆನ್ಸರ್. ಅತಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದೇ.

ಒಳಗಿನ ರಚನೆ ಮುಖ್ಯವಾಗಿ ಮೂರು ಬಗೆ. ತೂತುಗಳಿರುವ ನೇರ ಕೊಳವೆಯ ಸುತ್ತ ಫೈಬರ್ ಅಥವಾ ಉಕ್ಕಿನ ನಾರು ತುಂಬಿದ ಸ್ಟ್ರೇಟ್-ಥ್ರೂ. ಒಳಗೆ ತಗಡಿನ ಅಡ್ಡಗೋಡೆಗಳಿದ್ದು ಸದ್ದನ್ನು ತನಗೆ ತಾನೇ ಡಿಕ್ಕಿ ಹೊಡೆಸುವ ಚೇಂಬರ್. ಹೊಗೆ ಎಸ್ ಆಕಾರದಲ್ಲಿ ಹಿಂದುಮುಂದಾಗಿ ಹರಿಯುವ ಟರ್ಬೊ ಬಗೆ. ಸ್ಟ್ರೇಟ್-ಥ್ರೂ ಮೇಲಿನ ಕರ್ಕಶ ಸದ್ದನ್ನು ಚೆನ್ನಾಗಿ ಹೀರುತ್ತದೆ, ಕೆಳಗಿನ ಮೊರೆತವನ್ನು ಅಷ್ಟಾಗಿ ಮುಟ್ಟುವುದಿಲ್ಲ. ವರ್ಷಗಳು ಕಳೆದಂತೆ ಫೈಬರ್ ಸುಟ್ಟು ಹಾರಿಹೋಗಿ ಸದ್ದು ಇನ್ನೂ ಏರುತ್ತದೆ. ಚೇಂಬರ್ ಬಗೆಯಲ್ಲಿ ತುಂಬಿದ ನಾರಿಲ್ಲ, ಹಾಗಾಗಿ ಹಳತಾದರೂ ಸದ್ದು ಹೆಚ್ಚು ಬದಲಾಗುವುದಿಲ್ಲ. ಆದರೆ ಚಿಕ್ಕ ಡಬ್ಬಿಯದಾದರೆ ಕ್ಯಾಬಿನ್ ಒಳಗೆ ಗುಂಯ್ ಎನ್ನುವುದು ಇದೇ. ಟರ್ಬೊ ಬಗೆ ಇವುಗಳಲ್ಲಿ ಮೆತ್ತಗಿನದು, ದೂರ ಓಡಿಸುವವರಿಗೆ ಹಿತ.

ಮೊರೆತ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಗಾಡಿ ಮುಟ್ಟದೆಯೇ ಲೆಕ್ಕ ಹಾಕಬಹುದು. ಗಂಟೆಗೆ 110 ಕಿಲೋಮೀಟರ್ ಆಸುಪಾಸಿನಲ್ಲಿ ಟಾಪ್ ಗೇರಿನಲ್ಲಿ ಈ ಎಂಜಿನ್ ಸುಮಾರು 1,500 ಆರ್‌ಪಿಎಂ ತಿರುಗುತ್ತದೆ, ಅಂದರೆ ಸೆಕೆಂಡಿಗೆ 25 ಸುತ್ತು. ಎಂಟು ಸಿಲಿಂಡರ್‌ಗಳೂ ಕೆಲಸ ಮಾಡುವಾಗ ಪ್ರತಿ ಸುತ್ತಿನಲ್ಲಿ ನಾಲ್ಕು ಹೊಡೆತ, ಆಗ ಸದ್ದು 100 ಹರ್ಟ್ಸ್. ಆದರೆ ಹಗುರ ಓಟದಲ್ಲಿ ಇಂಧನ ಉಳಿಸಲು ಈ ಎಂಜಿನ್ 1, 4, 6, 7ನೇ ಸಿಲಿಂಡರ್‌ಗಳನ್ನು ಮಲಗಿಸುತ್ತದೆ. ಆಗ ಪ್ರತಿ ಸುತ್ತಿನಲ್ಲಿ ಎರಡೇ ಹೊಡೆತ, ಸದ್ದು 50 ಹರ್ಟ್ಸ್‌ಗೆ ಇಳಿಯುತ್ತದೆ. ಸಿಲಿಂಡರ್ ಮಲಗಿಸುವ ಪಿಕಪ್‌ಗಳಿಗೆ ಸಿಕ್ಕ ಸೈಲೆನ್ಸರ್ ಹಾಕಿಸಿದವರು ಹೆದ್ದಾರಿಯಲ್ಲಿ ತಲೆನೋವು ಎನ್ನುವುದು ಈ 50 ಹರ್ಟ್ಸ್‌ನ ಕಾರಣಕ್ಕೆ. ಅದಕ್ಕೇ ಕೆಲವು ಗಾಡಿಗಳಲ್ಲಿ ಕಂಪನಿಯವರು ಪೈಪಿನೊಳಗೆ ಸ್ಪ್ರಿಂಗ್ ಇರುವ ತಗಡಿನ ಕವಾಟ ಇಟ್ಟಿರುತ್ತಾರೆ. ಹೊಸ ಸೆಟ್ ಹಾಕಿದಾಗ ಅದೂ ಹಳೆಯ ಪೈಪಿನ ಜೊತೆ ಹೋಗುತ್ತದೆ.

ಮೊರೆತ ಅಡಗಿಸಲು ಜೆ ಪೈಪು ಎಂಬ ಉಪಾಯವಿದೆ. ಮುಖ್ಯ ಪೈಪಿಗೆ ಕೊನೆ ಮುಚ್ಚಿದ ಒಂದು ಕವಲು ಬೆಸೆಯುತ್ತಾರೆ. ಅದರ ಉದ್ದ ಸದ್ದಿನ ತರಂಗದ ನಾಲ್ಕನೇ ಒಂದು ಭಾಗ ಇದ್ದರೆ, ಒಳಹೋದ ಸದ್ದು ತಿರುಗಿ ಬಂದು ಮೂಲ ಸದ್ದನ್ನು ಕಡಿದುಹಾಕುತ್ತದೆ. ಒಳಗಿನ ಹೊಗೆ 200 ಡಿಗ್ರಿ ಸೆಲ್ಸಿಯಸ್ ಇದ್ದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 436 ಮೀಟರ್. 100 ಹರ್ಟ್ಸ್‌ಗೆ ಭಾಗಿಸಿ ನಾಲ್ಕರಲ್ಲಿ ಒಂದು ಪಾಲು ತೆಗೆದರೆ 1.1 ಮೀಟರ್, ಚಾಸಿಯ ಪಕ್ಕ ಹೇಗೋ ಕೂರಿಸಬಹುದು. 50 ಹರ್ಟ್ಸ್‌ಗೆ 2.2 ಮೀಟರ್ ಬೇಕು. ಆ ಉದ್ದಕ್ಕೆ ಈ ಗಾಡಿಯಡಿ ಜಾಗವಿಲ್ಲ. ಹಾಗಾಗಿ ಉಳಿದ ದಾರಿ ಒಂದೇ, ದೊಡ್ಡ ಹೊಟ್ಟೆಯ ಸೈಲೆನ್ಸರ್. ಚಾಸಿಯ ಅಡಿ ಇಣುಕದಷ್ಟು ಎತ್ತರ, ಶಾಫ್ಟಿಗೆ ತಾಗದಷ್ಟು ಅಗಲ ನೋಡಿಕೊಂಡು, ಆ ಜಾಗದಲ್ಲಿ ಹಿಡಿಸುವ ಅತಿ ಉದ್ದದ ಡಬ್ಬಿಯನ್ನೇ ಆರಿಸಿದೆವು, ಅದೂ ಸಿಲಿಂಡರ್ ಮಲಗಿಸುವ ಎಂಜಿನ್‌ಗೆಂದೇ ಮಾಡಿದ್ದು. ಕಡಿಮೆ ಗುಡುಗು ಸಿಕ್ಕರೂ ಪರವಾಗಿಲ್ಲ, ದಿನಾ ಓಡಿಸುವ ಗಾಡಿಯಲ್ಲಿ ಇದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಿಟ್ ತರಿಸುವ ಮುನ್ನ ವೀಲ್‌ಬೇಸ್ ಅಳೆಯಲೇಬೇಕು. ನಾಲ್ಕು ಬಾಗಿಲಿನ ಇದೇ ಗಾಡಿ ಚಿಕ್ಕ ಲೋಡ್ ಬಾಡಿಯೊಂದಿಗೆ 143.5 ಇಂಚು, ಉದ್ದನೆಯ ಬಾಡಿಯೊಂದಿಗೆ 153 ಇಂಚು. ಹೆಸರು ಒಂದೇ, ಎಂಜಿನ್ ಒಂದೇ, ಪೈಪಿನ ಉದ್ದದಲ್ಲಿ 24 ಸೆಂಟಿಮೀಟರ್ ವ್ಯತ್ಯಾಸ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿದರೆ ಆ ಗೊಂದಲ ತಪ್ಪುತ್ತದೆ.

ದಾರಿಯ ಅಳತೆಯಲ್ಲಿ ಆಕ್ಸಲ್ ಮೇಲಿನ ಕಮಾನು ಬಹಳ ನಾಜೂಕು. ಗಾಡಿಯನ್ನು ಚಾಸಿ ಹಿಡಿದು ಲಿಫ್ಟ್‌ಗೆ ಏರಿಸಿದರೆ ಆಕ್ಸಲ್ ಕೆಳಗೆ ಜೋತುಬೀಳುತ್ತದೆ, ಆಗ ಎಷ್ಟು ದೊಡ್ಡ ಪೈಪಾದರೂ ಹಿಡಿಸುವಂತೆ ಕಾಣುತ್ತದೆ. ಅಳೆಯಬೇಕಿರುವುದು ಚಕ್ರದ ಮೇಲೆ ಭಾರ ನಿಂತಾಗ, ಆಕ್ಸಲ್ ಮೇಲೇರುವುದನ್ನು ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ಆಕ್ಸಲ್‌ಗೂ ಇರುವ ಅಂತರ. ಲೋಡ್ ತುಂಬಿ ಹಳ್ಳಕ್ಕೆ ಬಿದ್ದಾಗ ಆಕ್ಸಲ್ ಅಷ್ಟೂ ಮೇಲೇರುತ್ತದೆ. ಆ ಅಂತರಕ್ಕೆ ಇನ್ನೂ 20 ಮಿಲಿಮೀಟರ್ ಸೇರಿಸಿ, ಪೈಪಿನ ತಳ ಆಕ್ಸಲ್‌ನಿಂದ ಅಷ್ಟು ಎತ್ತರದಲ್ಲಿರಬೇಕು. ಮಿಕ್ಕಂತೆ ಲೋಹಕ್ಕೂ ಪೈಪಿಗೂ ಕನಿಷ್ಠ 25 ಮಿಲಿಮೀಟರ್ ಬಿಡಿ. ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಟ್ರೇಲರ್ ವೈರಿಂಗ್, ಶಾಕ್ ಅಬ್ಸಾರ್ಬರಿನ ರಬ್ಬರ್ ಹತ್ತಿರ ಅದರ ಎರಡರಷ್ಟು ಬಿಡಿ, ಆಗದಿದ್ದಲ್ಲಿ ಹೀಟ್ ಶೀಲ್ಡ್ ಹಾಕಿ.

ಎರಡೂ ಪೈಪು ಬಲಬದಿಯಲ್ಲೇ ಆಕ್ಸಲ್ ದಾಟಿ, ಒಂದು ಹಿಂದೆ ಎಡಕ್ಕೆ ಹೊರಳುತ್ತದೆ. ಅಲ್ಲಿ ಸ್ಟೆಪ್ನಿ ಅಡ್ಡ. ಕೆಲವು ಕಿಟ್‌ಗಳಲ್ಲಿ ಆ ಪೈಪು ಸ್ಟೆಪ್ನಿಯ ಮುಂದೆ, ಕೆಲವದರಲ್ಲಿ ಸ್ಟೆಪ್ನಿಗೂ ಹಿಚ್‌ಗೂ ನಡುವೆ ಹಾಯುತ್ತದೆ. ನಾವು ಮುಂದಿನ ದಾರಿಯನ್ನೇ ಹಿಡಿದೆವು, ಹಿಂದೆ ಹಾಯಿಸಿದರೆ ಏರುಇಳಿವಿನ ರಸ್ತೆಯಲ್ಲಿ ನೆಲಕ್ಕೆ ಮೊದಲು ತಾಗುವುದು ಆ ಪೈಪೇ. ಸ್ಟೆಪ್ನಿ ಕಂಪನಿ ಗಾತ್ರದ್ದೇ ಇರಬೇಕು. ದೊಡ್ಡ ಟೈರ್ ಹಾಕಿಸಿಕೊಂಡವರ ಸ್ಟೆಪ್ನಿ ಪೈಪಿಗೆ ಒತ್ತಿ, ರಬ್ಬರ್ ಬೇಯುತ್ತದೆ. ಪೈಪು ಕೂರಿಸಿದ ಮೇಲೆ ಸ್ಟೆಪ್ನಿಯನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ ನೋಡುವುದು ಕಡ್ಡಾಯ.

ಹೊಗೆ ಎಲ್ಲಿ ಹೊರಬೀಳಬೇಕು? ನೇರ ಹಿಂದಕ್ಕೆ, ಬಂಪರ್ ಕೆಳಗೆ ಎರಡು ಟಿಪ್ (ಪೈಪಿನ ಕೊನೆಯ ಬಾಯಿತುಂಡು) ಇದ್ದರೆ ನೋಟಕ್ಕೆ ಚೆಂದ. ಆದರೆ ಓಡುವ ಗಾಡಿಯ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ, ಹೊಗೆ ಸುಳಿದು ಮರಳುತ್ತದೆ. ಹಿಂದಿನ ಕಿಟಕಿ ಅರ್ಧ ತೆರೆದಿದ್ದರೆ, ಲೋಡ್ ಬಾಡಿಯ ಮೇಲೆ ಮುಚ್ಚಳ ಹಾಕಿಸಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳನುಗ್ಗಬಹುದು. ಟ್ರೇಲರ್ ಎಳೆಯುವಾಗ ಅದರ ಮುಖಕ್ಕೇ ಮಸಿ. ಹಾಗಾಗಿ ಎರಡೂ ಹಿಂಚಕ್ರಗಳ ಹಿಂದೆ, ಓರೆಯಾಗಿ ಪಕ್ಕಕ್ಕೆ ಬಿಡುವ ಟಿಪ್‌ಗಳನ್ನು ಹಾಕಿದೆವು. ಟಿಪ್‌ನ ಬಾಯಿ ಬಾಡಿ ತಗಡಿನ ಅಂಚನ್ನು ದಾಟಿರಲೇಬೇಕು.

ಲೋಹದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅಲ್ಯುಮಿನಿಯಂ ಲೇಪದ ಅಲ್ಯುಮಿನೈಸ್ಡ್ ಉಕ್ಕು ಅಗ್ಗ, ಆದರೆ ವೆಲ್ಡಿಂಗ್ ಮಾಡಿದಲ್ಲಿ ಲೇಪ ಸುಟ್ಟು ಮೊದಲು ಅಲ್ಲೇ ತುಕ್ಕು. 409 ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಸುಮಾರು 11 ಪ್ರತಿಶತ, ಮೇಲ್ಮೈ ಕಂದಾದರೂ ತೂತಾಗಲು ಬಹಳ ಕಾಲ ಬೇಕು. 304ರಲ್ಲಿ 18 ಪ್ರತಿಶತ ಕ್ರೋಮಿಯಂ, 8 ಪ್ರತಿಶತ ನಿಕ್ಕಲ್, ಹೊಳಪು ಉಳಿಯುತ್ತದೆ. ಉಪ್ಪು ಸುರಿಯುವ ರಸ್ತೆ, ಕಡಲ ತೀರ ಇದ್ದರೆ 304, ಇಲ್ಲದಿದ್ದರೆ 409 ಸಾಕು. ಯಾವುದೇ ಇರಲಿ, ತಿರುವುಗಳು ಮ್ಯಾಂಡ್ರೆಲ್ ಬೆಂಡ್, ಅಂದರೆ ಒಳಗೆ ಆಸರೆ ಇಟ್ಟು ದುಂಡಗೆ ಉಳಿಯುವಂತೆ ಬಗ್ಗಿಸಿದ್ದು, ಆಗಿರಬೇಕು. ಒತ್ತಿ ಬಗ್ಗಿಸಿದ ಪೈಪು ತಿರುವಿನಲ್ಲಿ ಚಪ್ಪಟೆಯಾಗಿ, ಮೇಲೆ ಹಾಕಿದ ಗಾತ್ರದ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ.

ಬಿಚ್ಚುವ ಕೆಲಸ ಹಿಂದಿನ ಸಂಜೆಯೇ ಶುರು. ತುಕ್ಕು ಹಿಡಿದ ನಟ್ಟುಗಳಿಗೆ ಪೆನಿಟ್ರೇಟಿಂಗ್ ಎಣ್ಣೆ ಹೊಡೆದು ರಾತ್ರಿಯಿಡೀ ನೆನೆಯಲು ಬಿಡುವುದು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಗಾಡಿ ಜಾಕ್ ಸ್ಟ್ಯಾಂಡ್ ಅಥವಾ ರ‍್ಯಾಂಪ್ ಮೇಲೆ ಭದ್ರವಾಗಿರಬೇಕು, ಬರೀ ಜಾಕ್ ನಂಬಿ ಅಡಿಗೆ ಹೋಗಬಾರದು. ಹಳೆಯ ಪೈಪು ಆಕ್ಸಲ್ ಮೇಲಿಂದ ಇಡಿಯಾಗಿ ಬರುವುದಿಲ್ಲ, ಸೈಲೆನ್ಸರ್ ಹಿಂದೆ ಗರಗಸದಿಂದ ಕೊಯ್ದು ಎರಡು ತುಂಡಾಗಿ ಇಳಿಸಬೇಕು. ಕೊಯ್ಯುವ ಮುನ್ನ ಸೈಲೆನ್ಸರ್‌ಗೆ ಕೆಳಗಿನಿಂದ ಆಸರೆ ಕೊಡಿ. ಪೈಪನ್ನು ಚಾಸಿಗೆ ತೂಗುಹಾಕುವ ಹ್ಯಾಂಗರ್ ರಬ್ಬರಿಗೆ ಸೋಪು ನೀರು ಹಚ್ಚಿದರೆ ಸಲೀಸಾಗಿ ಜಾರುತ್ತದೆ. ಪೆಟ್ರೋಲಿಯಂ ಎಣ್ಣೆ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸೀಳಿರುವ ರಬ್ಬರ್ ಕಂಡರೆ ಆಗಲೇ ಬದಲಿಸಿ.

ಹೊಸದನ್ನು ಮುಂದಿನಿಂದ ಹಿಂದಕ್ಕೆ ಜೋಡಿಸುತ್ತ ಬರಬೇಕು, ಎಲ್ಲ ಕ್ಲಾಂಪ್‌ಗಳೂ ಸಡಿಲ, ಕೈಯಲ್ಲಿ ತಿರುಗಿಸಿದಷ್ಟೇ ಬಿಗಿ. ಒಂದು ಪೈಪು ಇನ್ನೊಂದರೊಳಗೆ 40ರಿಂದ 50 ಮಿಲಿಮೀಟರ್ ಹೋಗಬೇಕು. ಪೈಪಿನ ತುದಿಯಲ್ಲಿ ಸೀಳುಗಳಿದ್ದರೆ ಅವು ಪೂರ್ತಿ ಕ್ಲಾಂಪಿನಡಿ ಮುಚ್ಚಿಹೋಗಬೇಕು, ಇಲ್ಲದಿದ್ದರೆ ಅಲ್ಲೇ ಸೋರಿಕೆ. ಯು ಬೋಲ್ಟ್ ಕ್ಲಾಂಪ್ ಪೈಪನ್ನು ಅಮುಕಿ ಗುಂಡಿ ಬೀಳಿಸುತ್ತದೆ, ಮತ್ತೆ ಬಿಚ್ಚುವುದು ಹರಸಾಹಸ. ಅಗಲ ಪಟ್ಟಿಯ ಬ್ಯಾಂಡ್ ಕ್ಲಾಂಪ್ ಇದ್ದರೆ ಆ ತೊಂದರೆ ಇಲ್ಲ. ಸ್ಟೇನ್‌ಲೆಸ್ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಿಡಿದರೆ ಥ್ರೆಡ್ ಕಚ್ಚಿಕೊಂಡು ಅಲ್ಲೇ ಜಾಮ್ ಆಗುತ್ತದೆ. ಥ್ರೆಡ್ ಕಚ್ಚದಂತೆ ತಡೆಯುವ ಆಂಟಿ-ಸೀಜ್ ಲೇಪ ಸವರಿ, ಕೈಯಿಂದ ಬಿಗಿಮಾಡಿ.

ಟಿಪ್ ಸರಿಹೊಂದಿಸುವಾಗ ಲೋಹ ಹಿಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 3 ಮೀಟರ್ ಉದ್ದದ 304 ಪೈಪು 300 ಡಿಗ್ರಿ ಕಾದರೆ ಸುಮಾರು 15 ಮಿಲಿಮೀಟರ್ ಉದ್ದವಾಗುತ್ತದೆ, 409 ಆದರೆ ಸುಮಾರು 10. ತಣ್ಣಗಿರುವಾಗ ಟಿಪ್ ಬಂಪರಿಗೆ 5 ಮಿಲಿಮೀಟರ್ ದೂರದಲ್ಲಿ ಅಂದವಾಗಿ ನಿಂತಿದ್ದರೆ, ಬಿಸಿಯಾದಾಗ ಅದೇ ಒತ್ತಿಕೊಂಡು ಗಡಗಡ ಎನ್ನುತ್ತದೆ. ಕನಿಷ್ಠ 20 ಮಿಲಿಮೀಟರ್ ಬಿಟ್ಟು, ಹ್ಯಾಂಗರ್ ರಬ್ಬರ್ ತುಸು ಮುಂದಕ್ಕೆ ವಾಲಿರುವಂತೆ ಕೂರಿಸಿದೆವು. ಬಿಸಿಯಾದಾಗ ಅದು ನೆಟ್ಟಗಾಗುತ್ತದೆ. ಎಲ್ಲವೂ ಒಪ್ಪವಾದ ಮೇಲೆ ಬಿಗಿಮಾಡುವುದೂ ಮುಂದಿನಿಂದ ಹಿಂದಕ್ಕೇ.

ಸ್ಟಾರ್ಟ್ ಮಾಡುವ ಮುನ್ನ ಪೈಪು, ಟಿಪ್ಪಿನ ಮೇಲಿನ ಕೈಗುರುತು, ಎಣ್ಣೆ ಎಲ್ಲವನ್ನೂ ಒರೆಸಿ ತೆಗೆಯಬೇಕು. ಬಿಸಿಗೆ ಅವು ಸ್ಟೇನ್‌ಲೆಸ್ ಮೇಲೆ ಕಲೆಯಾಗಿ ಕೂತರೆ ಮತ್ತೆ ಹೋಗುವುದು ಕಷ್ಟ. ಮೊದಲ ಕೆಲವು ನಿಮಿಷ ತಯಾರಿಕೆಯ ಎಣ್ಣೆ ಸುಟ್ಟು ಹೊಗೆ ಬರುತ್ತದೆ, ಗಾಬರಿ ಬೇಡ, ಬಯಲಲ್ಲಿ ನಿಲ್ಲಿಸಿ. ಎಂಜಿನ್ ಇನ್ನೂ ತಣ್ಣಗಿರುವಾಗಲೇ, ದಪ್ಪ ಗ್ಲೌಸ್ ಹಾಕಿ ಬಟ್ಟೆಯಿಂದ ಟಿಪ್‌ಗಳನ್ನು ಅರೆಕ್ಷಣ ಅದುಮಿ, ಕೀಲುಗಳಿಗೆ ಸೋಪು ನೀರು ಚಿಮುಕಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಆಕ್ಸಿಜನ್ ಸೆನ್ಸರ್‌ಗೆ ಹತ್ತಿರದ ಕೀಲಿನ ಬಗ್ಗೆ ವಿಶೇಷ ಗಮನ ಬೇಕು. ಅಲ್ಲಿ ಹೊರಗಾಳಿ ಒಳಸೆಳೆದರೆ ಸೆನ್ಸರ್ ಓದುವುದೇ ತಪ್ಪಾಗುತ್ತದೆ.

ಡೀಸೆಲ್ ಪಿಕಪ್ ಇದ್ದವರಿಗೆ ಒಂದು ಮಾತು. ಎಂಜಿನ್‌ಗೆ ಗಾಳಿ ತುಂಬುವ ಟರ್ಬೊಚಾರ್ಜರ್ ದಾಟಿ ಬರುವುದು ಒಂದೇ ಪೈಪು, ಹಾಗಾಗಿ ಹಿಂದೆ ಎರಡು ಮಾಡುವುದು ಪೂರ್ತಿ ನೋಟಕ್ಕಾಗಿ. ಮಸಿ ಸೋಸುವ ಡಿಪಿಎಫ್ ಇದ್ದರೆ ಅದರ ಹಿಂದಿನ ಭಾಗವನ್ನಷ್ಟೇ ಮುಟ್ಟಿ. ಅದು ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುವಾಗ ಒಳಗೆ 600 ಡಿಗ್ರಿ ಆಸುಪಾಸು ಏರುತ್ತದೆ. ಕಂಪನಿ ಟಿಪ್‌ನಲ್ಲಿ ಹೊರಗಾಳಿ ಬೆರೆಸಿ ಹೊಗೆ ತಣಿಸುವ ಸಂದಿ ಇದ್ದರೆ, ಹೊಸ ಟಿಪ್‌ನಲ್ಲೂ ಅದು ಇರಬೇಕು. ಒಣಹುಲ್ಲಿನ ಮೇಲೆ ನಿಲ್ಲಿಸಿದಾಗ ಅದರ ಬೆಲೆ ತಿಳಿಯುತ್ತದೆ.

ನೂರು ಕಿಲೋಮೀಟರ್ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಎಲ್ಲ ಕ್ಲಾಂಪ್‌ಗಳನ್ನೂ ಮತ್ತೊಮ್ಮೆ ಬಿಗಿಮಾಡಬೇಕು. ಬಿಸಿ ತಂಪಿನ ಸುತ್ತುಗಳಲ್ಲಿ ಅವು ಸಡಿಲವಾಗಿಯೇ ಇರುತ್ತವೆ. ಕೀಲಿನ ಸುತ್ತ ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲಿ ಸೋರುತ್ತಿದೆ ಎಂದರ್ಥ. ಪೈಪಿನ ಮೈಮೇಲೆ ಹೊಳೆಯುವಂತೆ ಉಜ್ಜಿದ ಗುರುತು ಇದ್ದರೆ ಅಲ್ಲಿ ಏನೋ ತಾಗುತ್ತಿದೆ. ಎರಡು ಟಿಪ್‌ಗಳಲ್ಲಿ ಎಡದ್ದರಲ್ಲಿ ಮಸಿ ಕಡಿಮೆ ಕಂಡರೆ ಅದು ದೋಷವಲ್ಲ, ಎಡ ಪೈಪು ಉದ್ದ, ತಿರುವು ಹೆಚ್ಚು, ಅದರಲ್ಲಿ ಹರಿಯುವ ಹೊಗೆ ಕಡಿಮೆ. ಅದೇ ಕಾರಣಕ್ಕೆ ಆ ಪೈಪು ಬೇಗ ಬಿಸಿಯಾಗುವುದಿಲ್ಲ, ನೀರು ನಿಲ್ಲುವುದೂ ಅಲ್ಲೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ, ಹತ್ತಿರದ ಓಡಾಟದಲ್ಲಿ ಅದು ಆವಿಯಾಗದೆ ತಗ್ಗಿನಲ್ಲಿ ಉಳಿಯುತ್ತದೆ. ಅಡ್ಡ ಹಾಯುವ ಪೈಪನ್ನು ಟಿಪ್ ಕಡೆಗೆ ತುಸು ಇಳಿಜಾರಾಗಿ ಕೂರಿಸಿ, ಸೈಲೆನ್ಸರ್‌ನ ಅತಿ ತಗ್ಗಿನ ಜಾಗದಲ್ಲಿ 3 ಮಿಲಿಮೀಟರ್ ತೂತು ಇದೆಯೇ ನೋಡಿ. ಇಲ್ಲದಿದ್ದರೆ ಒಂದು ಕೊರೆಯಿರಿ.